ಒಂದು ಚಿತ್ರವೂ ಉಳಿಯದ ನಿರ್ದೇಶಕ: ನಾ ಉನ್-ಗ್ಯು ಮತ್ತು ಕೊರಿಯಾ ಸಿನಿಮಾದ ಮೊದಲ ದಿನಗಳು

ಕೊರಿಯಾದ ಧಾರಾವಾಹಿಗಳನ್ನು ನೋಡುವುದು ಕನ್ನಡದ ಮನೆಗಳಲ್ಲಿಯೂ ಈಗ ಮಾಮೂಲಿ ಸಂಗತಿಯಾಗಿದೆ. 2020ರಲ್ಲಿ ಆ ದೇಶದ ‘ಪ್ಯಾರಸೈಟ್’ ಚಿತ್ರ ಆಸ್ಕರ್‌ನ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದು, ಇಂಗ್ಲಿಷ್ ಅಲ್ಲದ ಭಾಷೆಯ ಚಿತ್ರವೊಂದಕ್ಕೆ ಆ ಗೌರವ ಮೊದಲ ಬಾರಿಗೆ ಸಂದ ಮೇಲೆ, ಅಲ್ಲಿನ ಸಿನಿಮಾ ಎಲ್ಲಿಂದ ಶುರುವಾಯಿತು ಎಂದು ಕೇಳುವವರು ಹೆಚ್ಚಾಗಿದ್ದಾರೆ. ಆ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದರೆ ಎದುರಾಗುವ ಮುಖ್ಯ ಹೆಸರು ನಾ ಉನ್-ಗ್ಯು. ಕೊರಿಯಾದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಇಲ್ಲಿ ‘ನಾ’ ಎಂಬುದು ಮನೆತನ, ‘ಉನ್-ಗ್ಯು’ ಎಂಬುದು ಇಟ್ಟ ಹೆಸರು. ಅವರು ಬರೆದು, ನಿರ್ದೇಶಿಸಿ, ನಾಯಕನಾಗಿ ನಟಿಸಿದ ‘ಅರಿರಂಗ್’ ಎಂಬ ಮೂಕಿ ಚಿತ್ರ ತೆರೆಕಂಡದ್ದು 1926ರ ಅಕ್ಟೋಬರ್ 1ರಂದು. 2026ರ ಅದೇ ದಿನಕ್ಕೆ ಅದಕ್ಕೆ ನೂರು ವರ್ಷ.

ಒಂದು ವಿಚಿತ್ರ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಈ ಚಿತ್ರವನ್ನು ಇಂದು ಯಾರೂ ನೋಡುವಂತಿಲ್ಲ. ‘ಅರಿರಂಗ್’ ಒಂದೇ ಏಕೆ, ನಾ ಉನ್-ಗ್ಯು ನಿರ್ದೇಶಿಸಿದ ಯಾವ ಚಿತ್ರದ ಪ್ರಿಂಟೂ ಲಭ್ಯವಿಲ್ಲ. ಹಾಗಿದ್ದರೂ ಕೊರಿಯಾದ ಸಿನಿಮಾ ಚರಿತ್ರೆಯನ್ನು ಬರೆಯುವವರೆಲ್ಲ ಈ ಚಿತ್ರದ ಮುಂದೆ ನಿಲ್ಲಲೇಬೇಕಾಗುತ್ತದೆ. ಕಣ್ಣಿಗೆ ಕಾಣದ ಚಿತ್ರಗಳ ಮೇಲೆ ಒಬ್ಬ ಕಲಾವಿದನ ಹೆಸರು ನೂರು ವರ್ಷ ನಿಂತದ್ದು ಹೇಗೆ ಎಂಬುದನ್ನು ತಿಳಿಯಲು ಆ ಕಾಲದ ಕೊರಿಯಾವನ್ನೂ, ಆ ಕಾಲದಲ್ಲಿ ಸಿನಿಮಾ ನೋಡುತ್ತಿದ್ದ ಬಗೆಯನ್ನೂ ಸ್ವಲ್ಪ ಅರಿಯಬೇಕು.

ಆಗಿನ ಕೊರಿಯಾ

1910ರಲ್ಲಿ ಜಪಾನ್ ಕೊರಿಯಾವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ಟೋಕಿಯೊದಿಂದ ನೇಮಕಗೊಂಡ ಗವರ್ನರ್ ಜನರಲ್ ಒಬ್ಬನ ಕೈಯಲ್ಲಿ ಕಾನೂನು, ಪೊಲೀಸು, ಶಾಲೆ, ಪತ್ರಿಕೆ ಎಲ್ಲವೂ ಇದ್ದವು. 1910ರಿಂದ 1918ರವರೆಗೆ ದೇಶದುದ್ದಕ್ಕೂ ಭೂಮಾಪನ ನಡೆಯಿತು. ತಲೆಮಾರುಗಳಿಂದ ಉಳುತ್ತಿದ್ದರೂ ಕಾಗದಪತ್ರ ತೋರಿಸಲಾಗದ ಅನೇಕ ರೈತರು ಹಕ್ಕು ಕಳೆದುಕೊಂಡರು. ಗೇಣಿದಾರರ ಸಂಖ್ಯೆ ಬೆಳೆಯಿತು. ಬದುಕು ಅರಸಿ ಉತ್ತರದ ಗಡಿ ದಾಟಿ ಮಂಚೂರಿಯಾಕ್ಕೆ ಹೋದವರು ಬಹಳ. ಜಮೀನು ಕಳೆದುಕೊಂಡವರ ಈ ಸಂಕಟವನ್ನು ನೆನಪಿನಲ್ಲಿಡದೆ ‘ಅರಿರಂಗ್’ ಕಥೆಯೂ ಅದರ ಹಾಡೂ ಅರ್ಥವಾಗುವುದಿಲ್ಲ.

1919ರ ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಣೆಯನ್ನು ಓದುವುದರೊಂದಿಗೆ ದೇಶವ್ಯಾಪಿ ಚಳವಳಿ ಎದ್ದಿತು. ಅದನ್ನು ಬಲಪ್ರಯೋಗದಿಂದ ಅಡಗಿಸಲಾಯಿತು. ಆದರೆ ಬರೀ ಬಲದಿಂದ ಆಳುವುದು ಸಾಧ್ಯವಿಲ್ಲವೆಂದು ಕಂಡುಕೊಂಡ ಆಡಳಿತ 1920ರ ದಶಕದಲ್ಲಿ ಹಿಡಿತವನ್ನು ಕೊಂಚ ಸಡಿಲಿಸಿ, ಕೊರಿಯನ್ ಭಾಷೆಯ ಪತ್ರಿಕೆಗಳಿಗೆ, ಸಂಘಗಳಿಗೆ, ರಂಗತಂಡಗಳಿಗೆ ಕಟ್ಟುಪಾಡಿನೊಳಗೆ ಅವಕಾಶ ಕೊಟ್ಟಿತು. ಕೊರಿಯಾದ ಸಿನಿಮಾ ಹುಟ್ಟಿದ್ದು ಈ ಇಕ್ಕಟ್ಟಿನ ಅವಕಾಶದೊಳಗೆ.

ನಾಟಕದ ಮಧ್ಯೆ ಬಂದ ಸಿನಿಮಾ

ಸೋಲ್ ನಗರದ ದಾನ್‌ಸೊಂಗ್‌ಸಾ ಎಂಬ ಚಿತ್ರಮಂದಿರ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊರಿಯನ್ನರೇ ನಡೆಸುತ್ತಿದ್ದ, ಕೊರಿಯನ್ ಪ್ರೇಕ್ಷಕರೇ ತುಂಬುತ್ತಿದ್ದ ಮಂದಿರವದು. ಪಾರ್ಕ್ ಸುಂಗ್-ಪಿಲ್ ಅದರ ವ್ಯವಸ್ಥಾಪಕರಾಗಿದ್ದರು. ಅವರ ಹಣದಿಂದ, ಕಿಮ್ ದೋ-ಸಾನ್ ಅವರ ರಂಗತಂಡ ಸಿದ್ಧಪಡಿಸಿದ ‘ನ್ಯಾಯದ ಸೇಡು’ ಎಂಬರ್ಥದ ಪ್ರಯೋಗ 1919ರ ಅಕ್ಟೋಬರ್ 27ರಂದು ಅಲ್ಲಿ ನಡೆಯಿತು. ಇದನ್ನು ‘ಕಿನೋ ಡ್ರಾಮಾ’ ಎನ್ನುತ್ತಿದ್ದರು: ನಟರು ರಂಗದ ಮೇಲೆ ನಾಟಕ ಆಡುತ್ತಿರುವಾಗ, ರಂಗದ ಮೇಲೆ ತೋರಿಸಲಾಗದ ದೃಶ್ಯಗಳು, ಅಂದರೆ ಬೀದಿ, ನದಿ, ವಾಹನದ ಓಟ, ಇವನ್ನು ಮೊದಲೇ ಚಿತ್ರೀಕರಿಸಿ ಪರದೆಯ ಮೇಲೆ ತೋರಿಸುವ ಮಿಶ್ರ ಕಲೆ. ದಕ್ಷಿಣ ಕೊರಿಯಾ ಇಂದಿಗೂ ಅಕ್ಟೋಬರ್ 27ನ್ನು ಚಲನಚಿತ್ರ ದಿನವೆಂದು ಆಚರಿಸುತ್ತದೆ.

ಪೂರ್ಣ ಪ್ರಮಾಣದ ಕಥಾಚಿತ್ರಗಳು ಬಂದದ್ದು 1923ರ ಸುಮಾರಿಗೆ. ಆ ವರ್ಷ ಏಪ್ರಿಲ್‌ನಲ್ಲಿ ಯುನ್ ಬೇಕ್-ನಾಮ್ ನಿರ್ದೇಶಿಸಿದ ಒಂದು ಚಿತ್ರ ಪ್ರದರ್ಶನಗೊಂಡಿತು. ಅದರ ಖರ್ಚು ಗವರ್ನರ್ ಜನರಲ್ ಆಡಳಿತದ್ದು, ಉದ್ದೇಶ ಜನರಿಗೆ ಉಳಿತಾಯದ ಪಾಠ ಹೇಳುವುದು. ಮುಂದಿನ ಒಂದೆರಡು ವರ್ಷಗಳಲ್ಲಿ ಜನಪದ ಪ್ರೇಮಕಥೆಗಳೂ ಹಳೆಯ ಕಾದಂಬರಿಗಳೂ ಚಿತ್ರಗಳಾದವು. ಬಂಡವಾಳ ಹೂಡುತ್ತಿದ್ದವರಲ್ಲಿ ಹೆಚ್ಚಿನವರು ಕೊರಿಯಾದಲ್ಲಿ ನೆಲೆಸಿದ್ದ ಜಪಾನಿ ವ್ಯಾಪಾರಿಗಳು. ಈ ಮಾತು ಮುಂದೆ ಮುಖ್ಯವಾಗುತ್ತದೆ.

ಗಡಿಯ ಊರಿನ ಹುಡುಗ

ನಾ ಉನ್-ಗ್ಯು ಹುಟ್ಟಿದ್ದು 1902ರ ಅಕ್ಟೋಬರ್ 27ರಂದು, ಕೊರಿಯಾದ ಈಶಾನ್ಯ ತುದಿಯ ಹ್ವೆರ್ಯಾಂಗ್ ಎಂಬ ಊರಿನಲ್ಲಿ. ಅವರ ಹುಟ್ಟಿದ ದಿನವೇ ಮುಂದೆ ಚಲನಚಿತ್ರ ದಿನವಾದದ್ದು ಕೇವಲ ಕಾಕತಾಳೀಯ. ಊರಿನ ಪಕ್ಕದಲ್ಲಿ ತುಮೆನ್ ನದಿ; ನದಿಯಾಚೆ ಮಂಚೂರಿಯಾ. ತಂದೆ ಹಳೆಯ ಕೊರಿಯನ್ ಸೈನ್ಯದಲ್ಲಿದ್ದವರು. ಸೈನ್ಯ ವಿಸರ್ಜನೆಯಾದ ಮೇಲೆ ಊರಿಗೆ ಬಂದು ಹುಡುಗರಿಗೆ ಪಾಠ ಹೇಳುತ್ತಿದ್ದರು. ನೆಲ ಬಿಟ್ಟು ನದಿ ದಾಟುವ ಕುಟುಂಬಗಳನ್ನು, ಗಡಿಯಾಚೆ ಹೋಗುವ ಕ್ರಾಂತಿಕಾರಿಗಳನ್ನು, ಅವರ ಬೆನ್ನು ಹತ್ತಿದ ಪೊಲೀಸರನ್ನು ಈ ಹುಡುಗ ಬಾಲ್ಯದಿಂದಲೇ ಕಂಡಿರಬೇಕು. ಅದೇ ಕಾಲದಲ್ಲಿ ಚೊಂಗ್‌ಜಿನ್ ಬಂದರಿನಿಂದ ಹ್ವೆರ್ಯಾಂಗ್‌ಗೆ ರೈಲು ಮಾರ್ಗ ಹಾಕುವ ಕೆಲಸ ನಡೆಯುತ್ತಿತ್ತು. ದಕ್ಷಿಣದ ಪ್ರಾಂತ್ಯಗಳಿಂದ ದುಡಿಯಲು ಬಂದ ಕೂಲಿಗಳು ಹಾಡುತ್ತಿದ್ದ ಒಂದು ಹಾಡು ತಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು ಎಂದು ಅವರು ಬದುಕಿನ ಕೊನೆಯ ವರ್ಷ ಒಂದು ಮಾಸಪತ್ರಿಕೆಗೆ ಹೇಳಿಕೊಂಡಿದ್ದಾರೆ. ಆ ಹಾಡು ‘ಅರಿರಂಗ್’.

ಓದಿಗಾಗಿ ಅವರು ಗಡಿಯಾಚೆಯ ಮ್ಯೊಂಗ್‌ದೊಂಗ್ ಶಾಲೆಗೆ ಸೇರಿದರು. ವಲಸೆ ಹೋದ ಕೊರಿಯನ್ನರು ಕಟ್ಟಿದ ಆ ಶಾಲೆ ರಾಷ್ಟ್ರೀಯ ಭಾವನೆಯ ಕೇಂದ್ರವೆಂದೇ ಹೆಸರಾಗಿತ್ತು. 1919ರ ಚಳವಳಿಯಲ್ಲಿ ನಾ ಹ್ವೆರ್ಯಾಂಗ್‌ನಲ್ಲಿ ಭಾಗವಹಿಸಿದರು. ಪೊಲೀಸರು ಹುಡುಕತೊಡಗಿದಾಗ ಗಡಿ ದಾಟಿ ಸೈಬೀರಿಯಾದ ಕಡೆಗೆ ಅಲೆದರು. ಸ್ವಾತಂತ್ರ್ಯ ಹೋರಾಟದ ಸಶಸ್ತ್ರ ಗುಂಪಿನ ಸಂಪರ್ಕಕ್ಕೆ ಬಂದರು. ಚೊಂಗ್‌ಜಿನ್–ಹ್ವೆರ್ಯಾಂಗ್ ರೈಲು ಮಾರ್ಗದ ಸುರಂಗವೊಂದನ್ನು ಸ್ಫೋಟಿಸುವ ಸಂಚಿನಲ್ಲಿ ಇದ್ದರೆಂಬ ಆರೋಪದ ಮೇಲೆ ಬಂಧಿತರಾಗಿ, ಸುಮಾರು ಎರಡು ವರ್ಷ ಸೆರೆಮನೆಯಲ್ಲಿ ಕಳೆದು, 1923ರಲ್ಲಿ ಬಿಡುಗಡೆಯಾದರು. ‘ಚುನ್‌ಸಾ’ ಎಂಬ ಅವರ ಕಾವ್ಯನಾಮ ಸೆರೆಮನೆಯ ಸಂಗಾತಿಯೊಬ್ಬರು ಕೊಟ್ಟದ್ದು.

ಕೂಲಿಗಳು ಹಾಡುತ್ತ ಕಟ್ಟಿದ ರೈಲು ಮಾರ್ಗ, ಆ ಮಾರ್ಗವನ್ನೇ ಒಡೆಯಲು ಹೊರಟ ಆರೋಪ, ಮುಂದೆ ಆ ಹಾಡಿನ ಹೆಸರಿನಲ್ಲೇ ಬಂದ ಚಿತ್ರ: ಇವು ಮೂರೂ ಒಬ್ಬ ಮನುಷ್ಯನ ಇಪ್ಪತ್ತನಾಲ್ಕು ವರ್ಷಗಳೊಳಗೆ ನಡೆದವು.

ಪಲ್ಲಕ್ಕಿ ಹೊತ್ತ ಪಾತ್ರದಿಂದ ನಾಯಕನವರೆಗೆ

ಸೆರೆಯಿಂದ ಬಂದ ಮೇಲೆ ನಾ ‘ಯೆರಿಮ್ಹೋ’ ಎಂಬ ರಂಗತಂಡ ಸೇರಿದರು. ಅಲ್ಲಿ ಪರಿಚಯವಾದ ಆನ್ ಜೊಂಗ್-ಹ್ವಾ ಅವರ ಮೂಲಕ, ಜಪಾನಿ ವ್ಯಾಪಾರಿಗಳು 1924ರಲ್ಲಿ ಬುಸಾನ್ ಬಂದರಿನಲ್ಲಿ ತೆರೆದಿದ್ದ ‘ಚೋಸೊನ್ ಕಿನೆಮಾ’ ಕಂಪನಿಯಲ್ಲಿ ಕಲಿಕೆಯ ನಟನಾಗಿ ಹೊಕ್ಕರು. ನೋಟಕ್ಕೆ ಅವರು ನಾಯಕನಂತಿರಲಿಲ್ಲ. ಕುಳ್ಳು, ಒರಟು ಮುಖ. 1925ರಲ್ಲಿ ಯುನ್ ಬೇಕ್-ನಾಮ್ ಅವರ ಚಿತ್ರದಲ್ಲಿ ಸಿಕ್ಕ ಮೊದಲ ಪಾತ್ರ ಪಲ್ಲಕ್ಕಿ ಹೊರುವವನದು. ಅದೇ ವರ್ಷ ‘ಶಿಮ್ ಚೊಂಗ್’ ಎಂಬ ಪ್ರಸಿದ್ಧ ಜನಪದ ಕಥೆಯ ಚಿತ್ರದಲ್ಲಿ, ಮಗಳ ತ್ಯಾಗದಿಂದ ಕಣ್ಣು ಪಡೆಯುವ ಕುರುಡು ತಂದೆಯ ಪಾತ್ರ ಸಿಕ್ಕಿತು. ಇಪ್ಪತ್ತೆರಡರ ಹರೆಯದಲ್ಲಿ ಮುದುಕನಾಗಿ ನಟಿಸಿದ್ದನ್ನು ನೋಡಿದವರು ಈ ನಟನನ್ನು ಗುರುತಿಸತೊಡಗಿದರು. 1926ರ ಬೇಸಿಗೆಯಲ್ಲಿ ಬಂದ ‘ಪಂಜರದ ಹಕ್ಕಿ’ ಎಂಬರ್ಥದ ಚಿತ್ರ ಅವರ ಹೆಸರನ್ನು ನಿಲ್ಲಿಸಿತು.

ಆ ಚಿತ್ರವನ್ನು ತಯಾರಿಸಿದವರು ಸೋಲ್‌ನಲ್ಲಿ ಟೋಪಿ ಅಂಗಡಿ ನಡೆಸುತ್ತಿದ್ದ ಜಪಾನಿ ವ್ಯಾಪಾರಿ ಯೊದೊ ತೊರಾಜೊ. ನಾ ತಮ್ಮದೇ ಕಥೆಯೊಂದನ್ನು ಅವರ ಮುಂದಿಟ್ಟರು. ಜಪಾನಿನ ಆಳ್ವಿಕೆಯನ್ನು ಎದುರಿಸಿದ ಚಿತ್ರವೆಂದು ಕೊರಿಯಾ ಇಂದು ಎತ್ತಿ ಹಿಡಿಯುವ ‘ಅರಿರಂಗ್’ಗೆ ಹಣ ಹೂಡಿದ್ದು ಹೀಗೆ ಒಬ್ಬ ಜಪಾನಿ. ಇದರಲ್ಲಿ ವಿರೋಧಾಭಾಸ ಕಾಣಬೇಕಾಗಿಲ್ಲ. ವಸಾಹತಿನಲ್ಲಿ ಕ್ಯಾಮೆರಾ, ಫಿಲ್ಮು, ಬಂಡವಾಳ ಯಾರ ಬಳಿ ಇದ್ದವೋ ಅವರ ಬಾಗಿಲಿಗೇ ಹೋಗಬೇಕಿತ್ತು. ಚಿತ್ರ ಓಡಿ ದುಡ್ಡು ಬಂದರೆ ವ್ಯಾಪಾರಿಗೆ ಸಾಕಿತ್ತು. ಕಂಪನಿಯಲ್ಲಿದ್ದ ಜಪಾನಿಯೊಬ್ಬರ ಹೆಸರು ನಿರ್ದೇಶಕನೆಂದು ಆ ಕಾಲದ ಕೆಲವು ದಾಖಲೆಗಳಲ್ಲಿ ಇರುವುದರಿಂದ, ನಿಜವಾದ ನಿರ್ದೇಶಕ ಯಾರೆಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಕಥೆ, ಮುಖ್ಯ ಪಾತ್ರ ಮತ್ತು ಚಿತ್ರದ ಕಲ್ಪನೆ ನಾ ಅವರದೇ ಎಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ.

‘ಅರಿರಂಗ್’ ಚಿತ್ರದಲ್ಲಿ ಏನಿತ್ತು?

ಯೊಂಗ್-ಜಿನ್ ಸೋಲ್‌ನಲ್ಲಿ ಓದಲು ಹೋಗಿದ್ದ ಹಳ್ಳಿಯ ಯುವಕ. ಮತಿಭ್ರಮಣೆಯಾಗಿ ಊರಿಗೆ ಮರಳಿದ್ದಾನೆ. ಏಕೆ ಹುಚ್ಚಾದ ಎಂಬುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ. ಆದರೆ 1919ರ ಚಳವಳಿಯಲ್ಲಿ ಸಿಕ್ಕಿಬಿದ್ದು ಪೊಲೀಸರ ಹಿಂಸೆಯಿಂದ ಹೀಗಾದ ಎಂದು ಪ್ರೇಕ್ಷಕರು ತಾವಾಗಿಯೇ ಊಹಿಸಿಕೊಂಡರು. ಮನೆಯಲ್ಲಿ ತಂದೆ ಮತ್ತು ತಂಗಿ ಯೊಂಗ್-ಹುಯಿ. ಊರಿನ ಜಮೀನ್ದಾರನ ಪಾರುಪತ್ಯಗಾರ ಓ ಗಿ-ಹೊ. ಪೊಲೀಸರಿಗೆ ಆಪ್ತನಾದವನು, ಸಾಲದ ನೆಪದಲ್ಲಿ ಆ ಮನೆಯ ಮೇಲೆ ಕಣ್ಣಿಟ್ಟವನು. ಚಿತ್ರದ ಆರಂಭದ ಬರಹ ‘ನಾಯಿ ಮತ್ತು ಬೆಕ್ಕು’ ಎಂದಿತ್ತು. ಹುಚ್ಚ ಯೊಂಗ್-ಜಿನ್ ಮತ್ತು ಓ ಗಿ-ಹೊ ಇಬ್ಬರ ಹಗೆಗೆ ಅದು ಸೂಚನೆ.

ಯೊಂಗ್-ಜಿನ್‌ನ ಸಹಪಾಠಿ ಹ್ಯೊನ್-ಗು ಅವನನ್ನು ನೋಡಲು ಊರಿಗೆ ಬರುತ್ತಾನೆ. ಗೆಳೆಯನ ಗುರುತೂ ಹುಚ್ಚನಿಗೆ ಸಿಗುವುದಿಲ್ಲ. ಹ್ಯೊನ್-ಗು ಮತ್ತು ಯೊಂಗ್-ಹುಯಿ ನಡುವೆ ಒಲವು ಮೂಡುತ್ತದೆ. ಊರಿಗೆ ಊರೇ ಸುಗ್ಗಿಯ ಕುಣಿತದಲ್ಲಿ ಮುಳುಗಿರುವ ದಿನ ಓ ಗಿ-ಹೊ ಮನೆಗೆ ನುಗ್ಗಿ ಯೊಂಗ್-ಹುಯಿಯ ಮೇಲೆ ಕೈ ಹಾಕುತ್ತಾನೆ; ಹ್ಯೊನ್-ಗು ತಡೆಯಲು ಹೋಗಿ ಇಬ್ಬರೂ ಹೊಡೆದಾಟಕ್ಕೆ ಬೀಳುತ್ತಾರೆ. ಅಲ್ಲೇ ನಿಂತ ಹುಚ್ಚನಿಗೆ ಇದು ನಗುವ ವಿಷಯವಾಗಿಯಷ್ಟೇ ಕಾಣುತ್ತದೆ.

ಆಗ ಪರದೆಯ ಮೇಲೆ ಹಳ್ಳಿ ಮಾಯವಾಗಿ ಮರುಭೂಮಿ ಬರುತ್ತದೆ. ಬಾಯಾರಿ ಕುಸಿದ ಯುವಕ–ಯುವತಿ. ನೀರು ಹೊತ್ತ ವ್ಯಾಪಾರಿ. ನೀರು ಬೇಕಾದರೆ ಸಂಗಾತಿಯನ್ನು ಬಿಟ್ಟು ತನ್ನೊಡನೆ ಬರಬೇಕೆಂದು ಅವನು ಯುವತಿಗೆ ಹೇಳುತ್ತಾನೆ, ಅವಳನ್ನು ಎಳೆದುಕೊಳ್ಳುತ್ತಾನೆ. ಯೊಂಗ್-ಜಿನ್ ಈ ಭ್ರಮೆಯೊಳಗಿನ ವ್ಯಾಪಾರಿಯತ್ತ ಕುಡುಗೋಲು ಬೀಸುತ್ತಾನೆ. ಮರುಭೂಮಿ ಕರಗಿದಾಗ ನೆಲದ ಮೇಲೆ ಬಿದ್ದಿರುವವನು ಓ ಗಿ-ಹೊ. ರಕ್ತ ಕಂಡ ಕ್ಷಣ ಯೊಂಗ್-ಜಿನ್‌ಗೆ ಬುದ್ಧಿ ಮರಳುತ್ತದೆ. ತಂದೆ, ತಂಗಿ, ಗೆಳೆಯ ಎಲ್ಲರ ಗುರುತು ಹತ್ತುತ್ತದೆ, ಮತ್ತು ಆ ಹೊತ್ತಿಗೇ ಪೊಲೀಸರು ಬಂದು ಅವನ ಕೈ ಕಟ್ಟುತ್ತಾರೆ. ಅಳುತ್ತಿರುವ ಊರವರಿಗೆ ಅಳಬೇಡಿರೆಂದು ಹೇಳಿ ಅವನು ಗುಡ್ಡದ ದಾರಿ ಹಿಡಿಯುವಾಗ, ಅವನು ಹುಚ್ಚನಾಗಿದ್ದಾಗ ಹಾಡುತ್ತಿದ್ದ ‘ಅರಿರಂಗ್’ ಹಾಡು ಕೇಳುತ್ತದೆ.

ಈ ಕಥೆಯ ಜಾಣತನ ಎಲ್ಲಿದೆ ಎಂಬುದನ್ನು ಗಮನಿಸಬೇಕು. ಕೊಲ್ಲುವವನು ಹುಚ್ಚ, ಆದ್ದರಿಂದ ಕೊಲೆಗೆ ರಾಜಕೀಯ ಉದ್ದೇಶವಿದೆ ಎಂದು ಯಾರೂ ಕಾಗದದ ಮೇಲೆ ತೋರಿಸಲಾರರು. ಸತ್ತವನು ಜಪಾನಿಯೂ ಅಲ್ಲ, ಕೊರಿಯಾದವನೇ. ಕೊನೆಗೆ ಅಪರಾಧಿ ಕಾನೂನಿನ ಕೈಗೆ ಸಿಗುತ್ತಾನೆ. ಸೆನ್ಸಾರ್ ಅಧಿಕಾರಿಯ ಮೇಜಿನ ಮೇಲೆ ಇದು ಒಂದು ಹಳ್ಳಿಯ ದುರಂತ ಕಥೆ. ಸುಗ್ಗಿಯ ಜನಜಂಗುಳಿ, ಹೊಡೆದಾಟ, ಭ್ರಮೆಯ ದೃಶ್ಯ, ಕಥೆ ಓಡುವ ವೇಗ ಇವೆಲ್ಲ ಅಮೆರಿಕದ ಚಿತ್ರಗಳಿಂದ ಕಲಿತವು. ನೋಡುವವರಿಗೆ ಆಕಳಿಕೆ ಬಾರದ ಚಿತ್ರ ಮಾಡಬೇಕೆಂಬುದೇ ತಮ್ಮ ಆಸೆಯಾಗಿತ್ತು ಎಂಬರ್ಥದ ಮಾತನ್ನು ನಾ ಹತ್ತು ವರ್ಷಗಳ ಅನಂತರ ಬರೆದರು. ಚಿತ್ರದ ರಾಷ್ಟ್ರೀಯತೆಯನ್ನು ಮಾತ್ರ ಹೊಗಳುವವರು ಈ ಮಾತನ್ನು ಮರೆಯುತ್ತಾರೆ. ಜನ ಮಂದಿರಕ್ಕೆ ನುಗ್ಗಿದ್ದು ಅದು ಮೊದಲಿಗೆ ಒಳ್ಳೆಯ ಸಿನಿಮಾ ಆಗಿದ್ದರಿಂದ ಎಂಬುದೇ ನನ್ನ ನಂಬಿಕೆ.

ಪರದೆಯ ಪಕ್ಕದ ಮಾತುಗಾರ

ಮೂಕಿ ಚಿತ್ರವೆಂದರೆ ಸದ್ದಿಲ್ಲದೆ ನೋಡುವ ಚಿತ್ರ ಎಂದುಕೊಂಡರೆ ಕೊರಿಯಾದ ಮಟ್ಟಿಗೆ ತಪ್ಪು. ಅಲ್ಲಿ ಪರದೆಯ ಪಕ್ಕದಲ್ಲಿ ‘ಬ್ಯೊನ್‌ಸಾ’ ಎಂಬ ಮಾತುಗಾರ ನಿಲ್ಲುತ್ತಿದ್ದ. ಎಲ್ಲ ಪಾತ್ರಗಳ ಸಂಭಾಷಣೆಯನ್ನು ದನಿ ಬದಲಿಸಿ ಹೇಳುವುದು, ಕಥೆಯನ್ನು ವಿವರಿಸುವುದು, ನಗಿಸುವುದು, ಅಳಿಸುವುದು ಅವನ ಕೆಲಸ. ವಾದ್ಯದವರು ಜೊತೆಗಿರುತ್ತಿದ್ದರು. ನಮ್ಮ ತಾಳಮದ್ದಲೆಯನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಪ್ರಸಂಗದ ಪದ್ಯ ಗೊತ್ತುಮಾಡಿದ್ದೇ, ಆದರೆ ಅರ್ಥಧಾರಿ ಈ ರಾತ್ರಿ ಆಡುವ ಮಾತು ಈ ರಾತ್ರಿಯದೇ. ಅದೇ ಬಗೆಯಲ್ಲಿ ಫಿಲ್ಮು ಒಂದೇ ಆದರೂ ಪ್ರತಿ ಪ್ರದರ್ಶನದ ಮಾತು ಬೇರೆ ಬೇರೆಯಾಗಿ, ಪ್ರೇಕ್ಷಕರ ಉಸಿರು ನೋಡಿಕೊಂಡು ಬೆಳೆಯುತ್ತಿತ್ತು. ‘ಅರಿರಂಗ್’ಗೆ ಮಾತು ಕೊಟ್ಟ ಬ್ಯೊನ್‌ಸಾಗಳಲ್ಲಿ ಸೊಂಗ್ ದೊಂಗ್-ಹೊ ಹೆಸರಾದವರು.

ಆಡಳಿತಕ್ಕೆ ಇದು ತಲೆನೋವಾಗಿತ್ತು. 1926ರಲ್ಲಿಯೇ ಫಿಲ್ಮುಗಳ ಸೆನ್ಸಾರ್‌ಗೆ ದೇಶಕ್ಕೆಲ್ಲ ಒಂದೇ ನಿಯಮ ಬಂತು. ಅಲ್ಲಿಯವರೆಗೆ ಬೇರೆ ಬೇರೆ ಪ್ರಾಂತ್ಯಗಳ ಪೊಲೀಸರು ನೋಡುತ್ತಿದ್ದ ಕೆಲಸ ಗವರ್ನರ್ ಜನರಲ್ ಕಚೇರಿಯ ಪೊಲೀಸ್ ವಿಭಾಗಕ್ಕೆ ಸೇರಿತು. ಫಿಲ್ಮಿನ ಉದ್ದಕ್ಕೆ ತಕ್ಕಂತೆ ಶುಲ್ಕವನ್ನೂ ಕಟ್ಟಬೇಕಿತ್ತು. ಆದರೆ ಸೆನ್ಸಾರ್ ಕತ್ತರಿ ಫಿಲ್ಮನ್ನು ಕತ್ತರಿಸಬಲ್ಲದೇ ಹೊರತು, ಇನ್ನೂ ಆಡಿಲ್ಲದ ಮಾತನ್ನು ಕತ್ತರಿಸುವುದು ಹೇಗೆ? ಅದಕ್ಕಾಗಿ ಬ್ಯೊನ್‌ಸಾಗಳಿಗೆ 1922ರಿಂದಲೇ ಪರೀಕ್ಷೆ ಮತ್ತು ಪರವಾನಗಿ ಇದ್ದವು. ಮಂದಿರದಲ್ಲಿ ಪೊಲೀಸನಿಗೆಂದೇ ಜಾಗ ಇರುತ್ತಿತ್ತು. ಮಾತು ಮಿತಿ ಮೀರಿತೆನಿಸಿದರೆ ಆತ ಪ್ರದರ್ಶನವನ್ನೇ ನಿಲ್ಲಿಸಬಹುದಾಗಿತ್ತು. ಪೊಲೀಸನ ಕಣ್ಣು ತಪ್ಪಿದ ಕಡೆ ಬ್ಯೊನ್‌ಸಾ ಹರಿತವಾಗಿ ಮಾತಾಡುತ್ತಿದ್ದ, ಕಣ್ಣಿದ್ದ ಕಡೆ ಸೂಚನೆಯಲ್ಲಿ ಹೇಳುತ್ತಿದ್ದ. ಯೊಂಗ್-ಜಿನ್ ಏಕೆ ಹುಚ್ಚಾದ ಎಂಬ ಪ್ರಶ್ನೆಗೆ ಉತ್ತರ ಫಿಲ್ಮಿನಲ್ಲಿ ಇಲ್ಲದಿದ್ದರೂ ಮಂದಿರದಲ್ಲಿ ಸಿಗುತ್ತಿದ್ದುದು ಹೀಗೆ.

ಚಿತ್ರ ಬಿಡುಗಡೆಯಾದ 1926ರ ಅಕ್ಟೋಬರ್ 1ರಂದೇ ಸೋಲ್‌ನ ಹಳೆಯ ರಾಜರ ಅರಮನೆ ಗ್ಯೊಂಗ್‌ಬೊಕ್‌ಗುಂಗ್‌ನ ಮುಂಭಾಗವನ್ನು ಮುಚ್ಚುವಂತೆ ಕಟ್ಟಿದ ಗವರ್ನರ್ ಜನರಲ್ ಆಡಳಿತದ ಭಾರಿ ಕಟ್ಟಡದ ಉದ್ಘಾಟನೆಯೂ ನಡೆಯಿತು. ನಗರದ ಒಂದು ಭಾಗದಲ್ಲಿ ಆಳುವವರ ಸಂಭ್ರಮ, ಇನ್ನೊಂದು ಭಾಗದ ದಾನ್‌ಸೊಂಗ್‌ಸಾದಲ್ಲಿ ಪೊಲೀಸರು ಕೊಂಡೊಯ್ಯುವ ಹುಚ್ಚನಿಗಾಗಿ ಅಳುವ ಜನ.

ಹಾಡು ಚಿತ್ರಕ್ಕಿಂತ ಮುಂದೆ ಹೋದದ್ದು

‘ಅರಿರಂಗ್’ ಎಂಬುದು ಒಂದೇ ಹಾಡಿನ ಹೆಸರಲ್ಲ. ಪಲ್ಲವಿಯಲ್ಲಿ ಆ ಶಬ್ದವಿರುವ, ಪ್ರಾಂತ್ಯಕ್ಕೊಂದು ಮಟ್ಟು ಇರುವ ಜನಪದ ಹಾಡುಗಳ ದೊಡ್ಡ ಗುಂಪದು. ‘ಅರಿರಂಗ್’ ಗುಡ್ಡದ ದಾರಿಯನ್ನು ದಾಟಿ ಹೋಗುವ ಪ್ರಿಯನನ್ನು ಕುರಿತ ಮಾತು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂದು ಜಗತ್ತು ‘ಅರಿರಂಗ್’ ಎಂದು ಕೇಳುವ ಧಾಟಿ ನೆಲೆಯೂರಿದ್ದು ನಾ ಅವರ ಚಿತ್ರದಿಂದ. ಸಾಹಿತ್ಯವನ್ನು ತಾವೇ ಹೊಂದಿಸಿದ್ದಾಗಿಯೂ, ಸಂಗೀತವನ್ನು ದಾನ್‌ಸೊಂಗ್‌ಸಾದ ವಾದ್ಯಮೇಳದವರಿಂದ ಮಾಡಿಸಿದ್ದಾಗಿಯೂ ಅವರು ಹೇಳಿದ್ದಾರೆ.

ಮನೆಯ ಮುಂದಿನ ಫಲವತ್ತಾದ ಗದ್ದೆಗಳೆಲ್ಲ ಎಲ್ಲಿ ಹೋದವು, ನಮಗೇಕೆ ಭಿಕ್ಷಾಪಾತ್ರೆಯ ಗತಿ ಬಂತು ಎಂದು ಕೇಳುವ ಚರಣವೂ ಚಿತ್ರದ ಹಾಡಿನಲ್ಲಿತ್ತು. ಭೂಮಾಪನದ ಬಿಸಿ ಉಂಡಿದ್ದ ಜನರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಡಿನ ಸಾಹಿತ್ಯ ಅಚ್ಚಾಗಿದ್ದ ಕರಪತ್ರಗಳನ್ನು ಪೊಲೀಸರು ವಶಪಡಿಸಿಕೊಂಡರು. ಕಾಗದವನ್ನು ಹಿಡಿಯಬಹುದು, ಮಂದಿರದಿಂದ ಹೊರಬಂದವರ ಬಾಯಲ್ಲಿದ್ದ ಹಾಡನ್ನು ಹಿಡಿಯುವುದು ಆಗಲಿಲ್ಲ. ಯುನೆಸ್ಕೊ 2012ರಲ್ಲಿ ದಕ್ಷಿಣ ಕೊರಿಯಾದ ಮನವಿಯ ಮೇಲೆ, 2014ರಲ್ಲಿ ಉತ್ತರ ಕೊರಿಯಾದ ಮನವಿಯ ಮೇಲೆ ಈ ಹಾಡುಗಳ ಪರಂಪರೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಸ್ವಂತ ಸಂಸ್ಥೆ, ಮುರಿದ ಸಂಸ್ಥೆ

‘ಅರಿರಂಗ್’ ಗೆದ್ದ ಮೇಲೆ ನಾ ಒಂದರ ಮೇಲೊಂದು ಚಿತ್ರ ಮಾಡಿದರು. 1926ರ ಕೊನೆಯಲ್ಲಿ ಒಂದು, 1927ರಲ್ಲಿ ‘ಹೊಲದ ಇಲಿ’, ‘ಹೊಂಬಣ್ಣದ ಮೀನು’ ಎಂಬರ್ಥದ ಹೆಸರಿನವು. ಆ ವರ್ಷ ಯೊದೊ ಅವರ ಕಂಪನಿಯಿಂದ ಹೊರಬಂದು, ದಾನ್‌ಸೊಂಗ್‌ಸಾದ ಪಾರ್ಕ್ ಸುಂಗ್-ಪಿಲ್ ಅವರ ಬೆಂಬಲದಿಂದ ‘ನಾ ಉನ್-ಗ್ಯು ಪ್ರೊಡಕ್ಷನ್’ ಕಟ್ಟಿದರು. ಕೊರಿಯನ್ನನೊಬ್ಬ ತನ್ನ ಹೆಸರಿನಲ್ಲಿ ಸಂಸ್ಥೆ ತೆರೆದು, ಕೊರಿಯನ್ನರ ಹಣದಿಂದ ಚಿತ್ರ ಮಾಡುವುದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ.

ಆ ಸಂಸ್ಥೆಯಿಂದ ಬಂದ ಚಿತ್ರವೊಂದಕ್ಕೆ ನಾ ಇಟ್ಟ ಹೆಸರು ‘ತುಮೆನ್ ನದಿಯನ್ನು ದಾಟಿ’. ತಮ್ಮ ಊರಿನ ಆ ನದಿ, ನೆಲ ಬಿಟ್ಟು ಹೋಗುವ ಜನ, ಇದು ಅವರಿಗೆ ಬಹಳ ಹತ್ತಿರದ ವಸ್ತು. ನದಿಯ ಹೆಸರೇ ದೇಶ ಬಿಟ್ಟವರನ್ನು ನೆನಪಿಸುತ್ತದೆಂದು ಸೆನ್ಸಾರ್ ಅದನ್ನು ಒಪ್ಪಲಿಲ್ಲ; ಕತ್ತರಿ ಪ್ರಯೋಗವಾಗಿ, ಕೊನೆಗೆ ‘ಪ್ರೀತಿಯನ್ನು ಹುಡುಕುತ್ತ’ ಎಂಬ ಸಪ್ಪೆ ಹೆಸರಿನಲ್ಲಿ ತೆರೆಗೆ ಬಂತು. 1929ರಲ್ಲಿ, ಒಡೆಯನ ಮನೆಯ ಮೂಕ ಆಳಿನ ದುರಂತವನ್ನು ಹೇಳುವ ನಾ ದೋ-ಹ್ಯಾಂಗ್ ಅವರ ಪ್ರಸಿದ್ಧ ಕಥೆಯನ್ನು ಚಿತ್ರವಾಗಿಸಿ, ಮೂಕನ ಪಾತ್ರವನ್ನು ತಾವೇ ಮಾಡಿದರು. ಅದೇ ವರ್ಷ ಸಂಸ್ಥೆ ಮುಚ್ಚಿತು. ಹಣದ ಅಡಚಣೆಯ ಜೊತೆಗೆ ನಾ ಅವರ ಖರ್ಚಿನ ಕೈ, ಶಿಸ್ತಿಲ್ಲದ ದಿನಚರಿ, ಜೊತೆಗಾರರೊಂದಿಗಿನ ಒಡಕು ಇವೂ ಕಾರಣವೆಂದು ಸಮಕಾಲೀನರು ಬರೆದಿದ್ದಾರೆ.

1930ರಲ್ಲಿ ಬೇರೆ ನಿರ್ದೇಶಕರು ಮಾಡಿದ ‘ಅರಿರಂಗ್’ನ ಮುಂದಿನ ಭಾಗದಲ್ಲಿ ನಾ ನಟಿಸಿದರು. ಎಡಪಂಥೀಯ ವಿಮರ್ಶಕರು ಅದನ್ನು ಪತ್ರಿಕೆಗಳಲ್ಲಿ ಕಟುವಾಗಿ ಟೀಕಿಸಿದರು. ನಾ ಪತ್ರಿಕೆಯಲ್ಲೇ ಉತ್ತರ ಕೊಟ್ಟರು: ಸೆನ್ಸಾರ್, ಬಂಡವಾಳ, ಸಲಕರಣೆ ಇವುಗಳ ವಾಸ್ತವವನ್ನು ಮರೆತು ಬರೆಯುವವರು ಬಯಸುವ ಚಿತ್ರವನ್ನು ಈ ನೆಲದಲ್ಲಿ ಮಾಡಲಾಗದು ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿದೆ. ಆದರೆ ಮರುವರ್ಷವೇ ಅವರು ಜಪಾನಿ ನಿರ್ಮಾಪಕನೊಬ್ಬನ ಸಾಧಾರಣ ಚಿತ್ರದಲ್ಲಿ ನಟಿಸಿದಾಗ, ಅವರನ್ನು ಮೆಚ್ಚಿದ್ದವರೂ ನೊಂದುಕೊಂಡರು.

ದೋಣಿಯವನ ಪಾತ್ರ

ನಟನಾಗಿ ಅವರ ಹೆಸರನ್ನು ಮರಳಿ ತಂದದ್ದು 1932ರಲ್ಲಿ ಲೀ ಗ್ಯು-ಹ್ವಾನ್ ನಿರ್ದೇಶಿಸಿದ ‘ಒಡೆಯನಿಲ್ಲದ ದೋಣಿ’ ಎಂಬರ್ಥದ ಚಿತ್ರ. ಹೊಸ ನಿರ್ದೇಶಕನ ಮೊದಲ ಚಿತ್ರದಲ್ಲಿ ಅಷ್ಟು ಹೆಸರಾಂತ ನಟ ತಲೆ ಬೋಳಿಸಿಕೊಂಡು ಮುದಿ ಅಂಬಿಗ ಚುನ್-ಸಾಮ್ ಆಗಿ ನಿಂತರು. ಮಗಳ ಪಾತ್ರದಲ್ಲಿ ಮುಂದೆ ಬಹು ಪ್ರಸಿದ್ಧಳಾದ ಮುನ್ ಯೆ-ಬೊಂಗ್. ಅವಳಿಗೂ ಅದು ಮೊದಲ ಚಿತ್ರ.

ನದಿಗೆ ರೈಲು ಸೇತುವೆ ಬರುತ್ತದೆ. ದಾಟಿಸಲು ಜನರಿಲ್ಲದೆ ಅಂಬಿಗನ ಹೊಟ್ಟೆಪಾಡು ನಿಲ್ಲುತ್ತದೆ. ಸೇತುವೆ ಕೆಲಸದ ಎಂಜಿನಿಯರ್ ಮಗಳ ಮೇಲೆ ಕೈ ಹಾಕಿದಾಗ ಅಂಬಿಗ ಅವನನ್ನು ಕೊಂದು, ಕೊಡಲಿ ಹಿಡಿದು ಹಳಿಯನ್ನೇ ಕಡಿಯಲು ಓಡುತ್ತಾನೆ, ರೈಲು ಬರುತ್ತದೆ. ಹಳಿ ಕಡಿಯುವ ಭಾಗ ಸೆನ್ಸಾರ್ ಕತ್ತರಿಗೆ ಹೋಯಿತು. ವಸಾಹತು ಆಡಳಿತ ತಾನು ತಂದ ಪ್ರಗತಿಯ ಗುರುತೆಂದು ಮೆರೆಸುತ್ತಿದ್ದುದೇ ರೈಲನ್ನು. ಅದರ ಮೇಲೆ ಬೀಳುವ ಕೊಡಲಿ ಯಾರ ಮೇಲೆ ಬೀಳುತ್ತದೆಂಬುದು ಅಧಿಕಾರಿಗಳಿಗೂ ತಿಳಿದಿತ್ತು. ಹತ್ತು ವರ್ಷಗಳ ಹಿಂದೆ ಸುರಂಗ ಒಡೆಯುವ ಸಂಚಿನ ಆರೋಪ ಹೊತ್ತಿದ್ದ ನಟ ಈ ಪಾತ್ರವನ್ನು ಏನೆಂದುಕೊಂಡು ಮಾಡಿದನೋ ಎಂಬುದು ಓದುವವನ ಮನಸ್ಸಿಗೆ ಬಾರದಿರದು.

ಮಾತು ಬಂದ ಕಾಲ, ಮೈ ಸೋತ ಕಾಲ

1932ರಲ್ಲಿಯೇ ನಾ, 1884ರ ಸುಧಾರಕರ ವಿಫಲ ದಂಗೆಯನ್ನು ಕುರಿತು ತಮ್ಮದೇ ಚಿತ್ರ ಮಾಡಿದರು. ಕತ್ತರಿ ಬಿದ್ದು ಅದು ಸೊರಗಿತು. ಬಳಿಕ ಕೆಲಕಾಲ ರಂಗತಂಡಗಳೊಂದಿಗೆ ಊರೂರು ಸುತ್ತಿದರು. 1935ರ ಅಕ್ಟೋಬರ್‌ನಲ್ಲಿ ಕೊರಿಯಾದ ಮೊದಲ ವಾಕ್ಚಿತ್ರ ಬಂದಾಗ ಬ್ಯೊನ್‌ಸಾ ಕಾಲಕ್ಕೆ ಕೊನೆಯ ಗಂಟೆ ಬಾರಿಸಿದಂತಾಯಿತು. ಆ ಹೊತ್ತಿಗೆ ಕನ್ನಡದಲ್ಲಿ ಮಾತಿನ ಚಿತ್ರ ಬಂದು ಒಂದೂವರೆ ವರ್ಷ ದಾಟಿತ್ತು. ನಾ 1936ರಲ್ಲಿ ‘ಅರಿರಂಗ್’ನ ಮೂರನೆಯ ಭಾಗವನ್ನು ಮಾತಿನ ಚಿತ್ರವಾಗಿ ತಂದರು, ಧ್ವನಿಮುದ್ರಣ ಕೆಟ್ಟು, ಕಥೆಯೂ ಹಳಸಲಾಗಿ ಅದು ಬಿದ್ದುಹೋಯಿತು.

ಕ್ಷಯರೋಗ ಆಗಲೇ ಅವರನ್ನು ಹಿಡಿದಿತ್ತು. ಆ ಸ್ಥಿತಿಯಲ್ಲೇ ಲೀ ತೇ-ಜುನ್ ಅವರ ಕಥೆಯನ್ನಾಧರಿಸಿ, ತಾವು ಬಾಲ್ಯದಿಂದ ಬಲ್ಲ ಈಶಾನ್ಯದ ಕಡಲತೀರದ ಹಿನ್ನೆಲೆಯಲ್ಲಿ ‘ಓಮೊಂಗ್‌ನ್ಯೊ’ ನಿರ್ದೇಶಿಸಿದರು. 1937ರ ಆರಂಭದಲ್ಲಿ ಬಂದ ಈ ಚಿತ್ರದಲ್ಲಿ ಅಬ್ಬರವಿಲ್ಲದ ಹೊಸ ಹದವನ್ನು ಕಂಡು ವಿಮರ್ಶಕರು ಮೆಚ್ಚಿದರು. ಅದೇ ಆಗಸ್ಟ್ 9ರಂದು, 35 ವರ್ಷ ತುಂಬುವ ಮೊದಲೇ, ನಾ ತೀರಿಕೊಂಡರು. ಸುಮಾರು 12 ವರ್ಷಗಳ ವೃತ್ತಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟ, ಲೇಖಕ, ನಿರ್ದೇಶಕನಾಗಿ ಅವರ ಕೈ ಇತ್ತು.

ಚಿತ್ರಗಳು ಎಲ್ಲಿ ಹೋದವು, ನಮಗೆ ತಿಳಿದದ್ದು ಹೇಗೆ?

ಆ ಕಾಲದ ಫಿಲ್ಮು ನೈಟ್ರೇಟ್ ಎಂಬ ರಾಸಾಯನಿಕದಿಂದ ಆದದ್ದು. ಬೇಗ ಬೆಂಕಿ ಹತ್ತುತ್ತದೆ. ತಂಪಾದ, ಒಣ ಜಾಗದಲ್ಲಿ ಇಡದಿದ್ದರೆ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಒಂದು ಚಿತ್ರಕ್ಕೆ ಕೆಲವೇ ಪ್ರಿಂಟುಗಳು. ಅವು ಊರೂರು ಸುತ್ತಿ ಸವೆದ ಮೇಲೆ ಕಾಪಿಡಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ. 1950ರಿಂದ 1953ರವರೆಗಿನ ಕೊರಿಯಾ ಯುದ್ಧದಲ್ಲಿ ಸೋಲ್ ಹಲವು ಬಾರಿ ಕೈ ಬದಲಿಸಿತು, ಉಳಿದಿದ್ದವೂ ನಾಶವಾದವು. ಕೊರಿಯಾದ ಮೂಕಿ ಚಿತ್ರಗಳಲ್ಲಿ ಇಂದು ನೋಡಸಿಗುವುದು ಒಂದೇ: 1934ರ, 2007ರಲ್ಲಿ ಪತ್ತೆಯಾದ ಚಿತ್ರ. ಅದರ ನಿರ್ದೇಶಕರು, ನಾ ಅವರನ್ನು ಸಿನಿಮಾಕ್ಕೆ ಕರೆತಂದ ಅದೇ ಆನ್ ಜೊಂಗ್-ಹ್ವಾ. ಈ ನಷ್ಟ ಕೊರಿಯಾದ್ದು ಮಾತ್ರವೂ ಅಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿಯೂ ನಮ್ಮಲ್ಲಿ ಉಳಿದಿಲ್ಲ.

ಹೀಗಾಗಿ ‘ಅರಿರಂಗ್’ ಕುರಿತು ಮೇಲೆ ಹೇಳಿದ್ದೆಲ್ಲ ಸುತ್ತಲಿನ ಸಾಕ್ಷ್ಯಗಳಿಂದ ಜೋಡಿಸಿದ್ದು: ಅಂದಿನ ಪತ್ರಿಕೆಗಳ ವರದಿ ಮತ್ತು ಜಾಹೀರಾತು, ಕೆಲವು ಸ್ಥಿರಚಿತ್ರ, 1929ರಲ್ಲಿ ಪುಸ್ತಕವಾಗಿ ಅಚ್ಚಾದ ಚಿತ್ರದ ಕಥೆ, ಬ್ಯೊನ್‌ಸಾ ಮಾತುಗಳನ್ನು ಮುದ್ರಿಸಿಕೊಂಡ ಗ್ರಾಮಫೋನ್ ತಟ್ಟೆ, ನಾ ಬರೆದ ಲೇಖನಗಳು, ಜೊತೆಗಾರರ ನೆನಪುಗಳು. ನೆನಪುಗಳಲ್ಲಿ ಕೆಲವು ಒಂದನ್ನೊಂದು ಒಪ್ಪುವುದಿಲ್ಲ. ಆದ್ದರಿಂದಲೇ ಚಿತ್ರ ಎಷ್ಟು ರಾಜಕೀಯವಾಗಿತ್ತು, ಎಷ್ಟು ಮನರಂಜನೆಯಾಗಿತ್ತು ಎಂಬ ವಾದ ಇನ್ನೂ ಮುಗಿದಿಲ್ಲ. ಜಪಾನಿನ ಒಸಾಕಾ ಪ್ರದೇಶದ ಸಂಗ್ರಾಹಕ ಅಬೆ ಯೊಶಿಶಿಗೆ ತನ್ನ ಬಳಿ ‘ಅರಿರಂಗ್’ ಪ್ರಿಂಟ್ ಇದೆಯೆಂದು ವರ್ಷಗಳ ಕಾಲ ಹೇಳುತ್ತಿದ್ದರು. 2005ರಲ್ಲಿ ಅವರು ತೀರಿಕೊಂಡ ಮೇಲೆ ಸಂಗ್ರಹವನ್ನು ಪರಿಶೀಲಿಸಿದಾಗ ಆ ಚಿತ್ರ ಸಿಗಲಿಲ್ಲ.

ನಾ ಹುಟ್ಟಿದ ಹ್ವೆರ್ಯಾಂಗ್ ಇಂದು ಉತ್ತರ ಕೊರಿಯಾದಲ್ಲಿದೆ. ಅವರ ಸಮಾಧಿ ದಕ್ಷಿಣದ ದೇಜೊನ್ ರಾಷ್ಟ್ರೀಯ ಸ್ಮಶಾನದಲ್ಲಿದೆ. 1993ರಲ್ಲಿ ದಕ್ಷಿಣ ಕೊರಿಯಾ ಅವರಿಗೆ ಸ್ವಾತಂತ್ರ್ಯ ಹೋರಾಟಗಾರರಿಗೆ ಸಲ್ಲುವ ಮರಣೋತ್ತರ ಗೌರವ ಕೊಟ್ಟಿತು. ‘ಚುನ್‌ಸಾ’ ಹೆಸರಿನ ಚಲನಚಿತ್ರ ಪ್ರಶಸ್ತಿ 1990ರಿಂದ ನಡೆದುಬಂದಿದೆ. ಪ್ರಿಂಟಿಗಾಗಿ ಹುಡುಕಾಟವೂ ನಿಂತಿಲ್ಲ. ಬೀಜಿಂಗ್‌ನ ಚಿತ್ರ ಭಂಡಾರದಲ್ಲಿ 1930–40ರ ದಶಕಗಳ ಕೊರಿಯನ್ ಚಿತ್ರಗಳು 2000ದ ಅನಂತರ ಸಿಕ್ಕಿರುವುದರಿಂದ, ಜಪಾನಿನ ಹಳೆಯ ಸಾಮ್ರಾಜ್ಯದ ಯಾವುದೋ ಮೂಲೆಯ ಗೋದಾಮಿನಲ್ಲಿ ‘ಅರಿರಂಗ್’ನ ರೀಲುಗಳು ಇದ್ದಾವೆಂದು ನಂಬುವ ಸಂಶೋಧಕರು ಇದ್ದಾರೆ.